ನಾನು ಕುಗ್ಗಿಸಿದ ವಿಡಿಯೊ

ಶೈಲಾ, ಅಂದು ಬೆಳ್ತಂಗಡಿಯಲ್ಲಿ ತಪ್ಪಿದ್ದು ನಿನ್ನ ಕೈಯಲ್ಲ, ನನ್ನ ವಿಡಿಯೊ. ಮರುವಾರವೇ ನನಗದು ಗೊತ್ತಾಗಿತ್ತು. ಹೇಳಲಿಲ್ಲ.

ಮೂಡುಬಿದಿರೆಯ ಲ್ಯಾಬಿನಲ್ಲಿ ನಾವಿಬ್ಬರೂ ಒಬ್ಬರೇ ಗೈಡ್‌ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದೆವು. ನಿನ್ನದು ಇಲಿಜ್ವರ ಪತ್ತೆಹಚ್ಚುವ ಚಿಪ್ — ಅದರ ಮೇಲೆ ಬೆಳಕು ಹಾಯಿಸಿದರೆ ಹಸಿರು ಬಣ್ಣವೊಂದೇ ಒಳಗೆ ಅನುರಣಿಸಿ, ಬಲಗೊಂಡು ಮರಳುತ್ತದೆ. ರೋಗಾಣು ಬಂದು ಅಂಟಿದರೆ ಆ ಹಸಿರು ತುಸುವೇ ತುಸು ಹಳದಿಯ ಕಡೆಗೆ ಸರಿಯುತ್ತದೆ. ನನ್ನದು ವಿಡಿಯೊ ಕುಗ್ಗಿಸುವ ಕೆಲಸ. ನೋಡುವವರಿಗೆ ಮುಖ್ಯವಲ್ಲದ್ದನ್ನು ಬಿಸಾಡಿ, ನೆಟ್‌ವರ್ಕ್ ಸರಿಯಿಲ್ಲದ ಕಡೆಯಿಂದಲೂ ಚಿತ್ರ ನಿಲ್ಲದೆ ಬರುವಂತೆ ಮಾಡುವುದು. ಅದರ ಅಹಂಕಾರ ಬೇರೆ ಇತ್ತು ನನಗೆ.

ಅಂದು ನೀನು ಬೆಳ್ತಂಗಡಿಯಿಂದ, ರೋಗಾಣು ಇದೆಯೆಂದು ಮೊದಲೇ ಗೊತ್ತಿದ್ದ ಮಾದರಿಯನ್ನು ಚಿಪ್ಪಿಗೆ ಹಾಕಿ, ಪ್ರಾಜೆಕ್ಟಿನ ಫೋನಿನಲ್ಲಿ ನನ್ನ ಪ್ರೋಗ್ರಾಂ ಮೂಲಕ ತೋರಿಸಿದೆ. ಇಲ್ಲಿ ನಮ್ಮ ಪರದೆಯಲ್ಲಿ ಹಸಿರು ಹಸಿರಾಗಿಯೇ ಉಳಿಯಿತು. ಹೊರಗಿನಿಂದ ಬಂದ ಪರೀಕ್ಷಕರು ಪಕ್ಕದಲ್ಲೇ ಕುಳಿತಿದ್ದರು.

"ಬಣ್ಣ ಬದಲಾಗಿದೆ ಮಾರಾಯ, ನನಗೆ ಕಾಣ್ತಾ ಉಂಟು!" ಎಂದು ನೀನು ಫೋನಿನಲ್ಲಿ ಕೂಗಿಕೊಂಡೆ.

ಗೈಡ್ ನನ್ನ ಮುಖ ನೋಡಿದರು. ನಾನು ಹೇಳಿದೆ — "ವಿಡಿಯೊ ಸರಿ ಉಂಟು ಸರ್. ಅವಳ ಕೈ ತಪ್ಪಿರಬೇಕು."

ಅಷ್ಟೇ ಮಾತು. ನಿನ್ನನ್ನು ಆ ಕೆಲಸದಿಂದ ತೆಗೆದರು; ನೀನು ಸಂಶೋಧನೆಯನ್ನೇ ಬಿಟ್ಟೆ. ಪ್ರಾಜೆಕ್ಟಿನ ಫೋನು ಮರುವಾರ ನನ್ನ ಕೈಗೆ ಬಂತು. ಅದರಲ್ಲಿದ್ದ, ಕುಗ್ಗಿಸದ ಮೂಲ ವಿಡಿಯೊ ಹಾಕಿ ನೋಡಿದರೆ — ಬಣ್ಣ ಸರಿದಿತ್ತು. ಮುಖ್ಯವಲ್ಲವೆಂದು ನನ್ನ ಪ್ರೋಗ್ರಾಂ ಬಿಸಾಡಿದ್ದು ಅದನ್ನೇ. ಆಗ ನನ್ನ ಪ್ರಬಂಧ ಒಪ್ಪಿಸುವ ಹೊತ್ತು, ಹೇಳಿದ್ದರೆ ಎಲ್ಲವೂ — ಇಲ್ಲ, ಕಾರಣ ಹೇಳುವುದು ಬೇಡ. ಹೆದರಿದೆ. ನನಗೆ ಡಾಕ್ಟರೇಟ್ ಸಿಕ್ಕಿತು.

ಕಳೆದ ತಿಂಗಳು ಅಮ್ಮನ ರಕ್ತಪರೀಕ್ಷೆಗೆಂದು ಬಂಟ್ವಾಳದ ಲ್ಯಾಬಿಗೆ ಬಂದರೆ ಅಲ್ಲಿ ಕೆಲಸಕ್ಕೆ ನೀನಿದ್ದೆ. ರಿಪೋರ್ಟ್ ತಡವಾಯಿತೆಂದು ಯಾರೋ ಗೊಣಗುತ್ತಿದ್ದರು.

"ನಾನು ಎಲ್ಲವನ್ನೂ ಎರಡೆರಡು ಸಲ ನೋಡ್ತೇನೆ. ಒಮ್ಮೆ ತಪ್ಪಿದ ಕೈ ಅಲ್ವಾ ಇದು?" ಎಂದು ನೀನು ನನ್ನತ್ತ ತಿರುಗಿ ನಕ್ಕೆ.

ನಾನೂ ನಕ್ಕೆ, ಶೈಲಾ. ಥೂ! ಅಂದಿನ ಮಾತನ್ನು ತಿಳಿಯದೆ ಆಡಿದೆ, ಆಮೇಲೆ ಹೆದರಿ ಮುಚ್ಚಿಟ್ಟೆ. ಈ ನಗುವಿಗೆ ಏನೆನ್ನಲಿ?

ನಡೆದದ್ದನ್ನು ಬರೆದು, ಎರಡೂ ವಿಡಿಯೊಗಳನ್ನು ನಿನ್ನೆ ಗೈಡ್‌ಗೆ ಕಳಿಸಿದ್ದೇನೆ. ನನ್ನ ಪದವಿ ಹೋಗುವುದಿದ್ದರೆ ಹೋಗಲಿ. ಆದರೆ ನಿನ್ನ ಕೈಯನ್ನು ನೀನೇ ನಂಬದೆ ಕಳೆದ ಇಷ್ಟು ವರ್ಷಗಳು — ಅವನ್ನು ನಾನು ಎಲ್ಲಿಂದ ತಂದು ಕೊಡಲಿ?