ನೀಲತ್ತಿ ಬರೆದ ಮಾಟಗಾತಿ

ಸ್ಟೇಷನ್ ರಸ್ತೆಯ ಬಣ್ಣದ ಅಂಗಡಿಗಳ ಮುಂದೆ ಹಾಯುವಾಗ ಅಗಸೆ ಎಣ್ಣೆಯ ಒಗರು ವಾಸನೆ ಮೂಗಿಗೆ ಬಡಿದರೆ ನನಗೆ ಹೊನವಾಡದ ನಮ್ಮ ಹಳೆಯ ಮನೆಯ ಪಡಸಾಲೆ ಕಾಣುತ್ತದೆ. ಅಲ್ಲಿ ಗೋಡೆಗೆ ಒರಗಿ, ಬೇವಿನ ಹಲಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತ ನೀಲತ್ತಿ ಕಾಣುತ್ತಾಳೆ. ನೀಲತ್ತಿ ಅಪ್ಪನ ಅಕ್ಕ. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಮಕ್ಕಳಿರಲಿಲ್ಲ. ಚಿತ್ರ ಬರೆಯುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಕೆಮ್ಮಣ್ಣು, ಸುಣ್ಣ, ಅರಿಶಿನ, ದೀಪದ ಮಸಿಯನ್ನು ಎಣ್ಣೆಯಲ್ಲಿ ಅರೆದು, ಚಕ್ಕಡಿ ಗಾಡಿಯ ಮೇಲೆ, ಕೋಣೆಯ ಬಾಗಿಲ ಮೇಲೆ ಗಿಳಿ, ಎತ್ತು, ಬಳ್ಳಿ ಬರೆಯುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಎದುರುಮನೆಯ ಶಾಂತವ್ವನ ಕೂಸಿಗೆ ಬಂದ ಜ್ವರ ಇಳಿಯಲೇ ಇಲ್ಲ. ಹಿಂದಿನ ದಿನವಷ್ಟೇ ನೀಲತ್ತಿ ಅದನ್ನು ಎತ್ತಿ ಆಡಿಸಿದ್ದಳು. ಅವಳ ಕಣ್ಣು ತಾಗಿದೆ, ಅವಳು ಮಾಟಗಾತಿ ಎಂಬ ಮಾತು ಹಿಟ್ಟಿನ ಗಿರಣಿಯವರೆಗೂ ಹಬ್ಬಿತು. ಇವಳನ್ನು ಕಂಡರೆ ಶಾಂತವ್ವ ಕೂಸಿನ ಮೇಲೆ ಸೆರಗು ಮುಚ್ಚತೊಡಗಿದಳು. ಸ್ವಲ್ಪ ದಿನ ಹೊರಗೆ ಬರಬೇಡ ಎಂದು ಅಜ್ಜ ಹೇಳಿದ. ನೀಲತ್ತಿ ಅಳಲಿಲ್ಲ. ಹಿತ್ತಲಿನಿಂದ ಹಲಗೆ ಹುಡುಕಿ ತಂದಳು.

"ಏನ್ ಬರಿಯಾಕತ್ತಿ ಅತ್ತಿ?" ಎಂದು ಕೇಳಿದೆ.

"ಮಾಟಗಾತಿನ್ನ. ಊರೆಲ್ಲಾ ನೋಡ್ಯಾರಂತ, ನಾ ಒಬ್ಬಾಕಿನ ನೋಡಿಲ್ಲ. ಹೆಂಗಿರ್ತಾಳೋ ನೋಡೂಣು."

ಹಲಗೆಯ ಮೇಲೆ ಮೂಡಿದವಳಿಗೆ ಕೋರೆಹಲ್ಲಿರಲಿಲ್ಲ. ಇಳಕಲ್ ಸೀರೆ ಉಟ್ಟು, ಕೂದಲು ಬಿಚ್ಚಿ, ನೆಟ್ಟಗೆ ನೋಡುತ್ತಿದ್ದಳು. ಕಣ್ಣು ನಮ್ಮಜ್ಜಿಯವು, ಗದ್ದ ಗಿರಣಿಯವನ ಹೆಂಡತಿಯದು. ಬೀದಿಗೆ ಮುಖ ಮಾಡಿ ಬಾಗಿಲ ಪಕ್ಕದಲ್ಲೇ ಅದನ್ನು ತೂಗುಹಾಕಿದಳು. "ತಗಿ ಅದನ್ನ, ಮಂದಿ ಏನಂದಾರು" ಎಂದು ಅಜ್ಜ ಗದರಿದ.

"ಅನ್ನೂದೆಲ್ಲಾ ಅಂದ ಬಿಟ್ಟಾರ ಯಪ್ಪಾ. ಇನ್ನ ನೋಡ್ಲಿ" ಎಂದಳು. ತೆಗೆಯಲಿಲ್ಲ. ದಿನವೂ ಅದರ ಕೆಳಗೇ ಕೂತು ಜೋಳ ಹಸನು ಮಾಡಿದಳು.

ಟಿಕೋಟಾದ ಡಾಕ್ಟರರ ಔಷಧಿಗೆ ಕೂಸಿನ ಜ್ವರ ಇಳಿಯಿತು. ಒಂದು ಮುಂಜಾನೆ ಶಾಂತವ್ವ ಅದನ್ನು ಎತ್ತಿಕೊಂಡು ಬಂದು ಹಲಗೆಯ ಮುಂದೆ ನಿಂತಳು. ಬಹಳ ಹೊತ್ತು ನೋಡಿದಳು.

"ಮೂಗು ನಂದ ಐತೆಲ್ಲ ಬೇ ನೀಲಕ್ಕ."

"ಹೌದು. ಓಣ್ಯಾಗ ಅಷ್ಟು ಚಂದ ಮೂಗು ಬ್ಯಾರೆ ಯಾರಿಗೈತಿ?"

ಶಾಂತವ್ವ ನಗಲಿಲ್ಲ. ಕೂಸನ್ನು ನೀಲತ್ತಿಯ ತೊಡೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತು ಮೊರ ಎಳೆದುಕೊಂಡಳು.

ಅವರೆಲ್ಲ ಒಬ್ಬೊಬ್ಬರಾಗಿ ತೀರಿಹೋದರು, ಮನೆಯನ್ನೂ ಕೆಡವಿದರು. ಹಲಗೆ ಈಗ ಅಥಣಿ ರಸ್ತೆಯ ನನ್ನ ಮನೆಯಲ್ಲಿದೆ. ಹೊಸ ಮನೆಯಲ್ಲಿ ಮಾಟಗಾತಿ ಯಾಕೆ ಎಂದು ಬಂದವರು ಕೇಳುತ್ತಾರೆ. ನಿಮ್ಮ ಮನೆಯಿಂದಲೂ ಇಂಥ ಒಬ್ಬಳು ಎದ್ದು ಹೋಗಿದ್ದರೆ, ನಾನೇಕೆ ಅದನ್ನು ಇಳಿಸುವುದಿಲ್ಲವೆಂದು ನಿಮಗೆ ಹೇಳಬೇಕಿಲ್ಲ. ಬಣ್ಣ ಅಲ್ಲಲ್ಲಿ ಉದುರುತ್ತಿದೆ. ತಿದ್ದಿಕೊಡುವವರು ಸಿಕ್ಕಾರು, ಆದರೆ ಆ ಮುಖಗಳನ್ನು ಕಂಡವರು ನನ್ನ ಬಿಟ್ಟರೆ ಯಾರೂ ಉಳಿದಿಲ್ಲ.