ಅಕ್ಕ ಕೋರ್ಟಿನಲ್ಲಿ ಹೇಳಿದ ಮಾತು

ಇದು ಎರಡನೇ ಮಹಾಯುದ್ಧ ಮುಗಿದ ವರ್ಷ ನಡೆದದ್ದು. ನಾನು ಓದಿರುವುದು ಮೂರನೇ ಕ್ಲಾಸು. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ದುದ್ದದ ಹತ್ತಿರದ ಹಳ್ಳಿ. ಅಪ್ಪ ಬೇಗ ಸತ್ತ. ನನ್ನನ್ನೂ ಅಕ್ಕ ಕೆಂಪಮ್ಮನನ್ನೂ ಸಾಕಿದವರು ದೊಡ್ಡಪ್ಪ. ಅಕ್ಕನನ್ನು ಹಿರೀಸಾವೆ ಕಡೆ ಕೊಟ್ಟಿದ್ದೆವು. ಭಾವನಿಗೆ ಕೊಬ್ಬರಿ ವ್ಯಾಪಾರ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಮಗಳು ಹುಟ್ಟಿದ ಮೇಲೆ ಇನ್ನೊಬ್ಬಳನ್ನು ಮನೆಗೆ ತಂದ. ಅಕ್ಕ ಮಗುವನ್ನು ಸೊಂಟಕ್ಕೆ ಹಾಕಿಕೊಂಡು ನಮ್ಮ ಮನೆಗೆ ಬಂದಳು.

ಕೋರ್ಟಿಗೆ ಹೋದರೆ ಜೀವನಾಂಶ ಸಿಗುತ್ತದೆ ಎಂದು ಸ್ಕೂಲ್ ಮೇಷ್ಟ್ರು ಹೇಳಿದರು. ದೊಡ್ಡಪ್ಪ ಕೇಳಲಿಲ್ಲ. ಊರಿಗೆಲ್ಲ ನ್ಯಾಯ ಹೇಳುವವರು ಅವರು, ಅವರ ಮನೆ ಹುಡುಗಿ ಕೋರ್ಟು ಹತ್ತುವುದೇ? ಭಾವನನ್ನು ಕರೆಸಿ ಪಟೇಲರ ಹಜಾರದಲ್ಲಿ ಪಂಚಾಯ್ತಿ ಸೇರಿಸಿದರು.

ಭಾವ ತಲೆ ಬಗ್ಗಿಸಿ ಕೂತಿದ್ದ. “ಬಂದ್ರೆ ಬರ್ಲಿ, ಯಾರು ಬ್ಯಾಡ ಅಂದ್ರು? ಒಂದ್ ಮೂಲೇಲಿ ಇರ್ಲಿ” ಅಂದ.

ದೊಡ್ಡಪ್ಪನಿಗೆ ರೇಗಿತು. “ಮೂಲೇಲಿರಾಕೆ ಅವ್ಳೇನ್ ಪೊರಕೆಯೇನ್ಲಾ? ನಿನ್ನ ಅಂಗೂ ಬ್ಯಾಡ, ನಿನ್ನ ಕಾಳೂ ಬ್ಯಾಡ. ಮುರೀರಿ ಕಡ್ಡಿಯ.”

ನಮ್ಮಲ್ಲಿ ಹಿರಿಯರ ಮುಂದೆ ಹುಲ್ಲುಕಡ್ಡಿ ಮುರಿದು ಎರಡೂ ಕಡೆಯವರು ಒಂದೊಂದು ತುಂಡು ಹಿಡಿದರೆ ಗಂಡ ಹೆಂಡತಿ ಸಂಬಂಧ ಹರಿಯಿತು ಅಂತ ಲೆಕ್ಕ. “ಉಡುಗಿ ಒಪ್ಪವ್ಳಾ?” ಎಂದು ಪಟೇಲರು ಕೇಳಿದರು. “ಒಪ್ಪವ್ಳೆ” ಅಂದರು ದೊಡ್ಡಪ್ಪ. ಅಕ್ಕ ಆಗ ಹೊಲದಲ್ಲಿ ಹುರುಳಿ ಕೀಳುತ್ತಿದ್ದಳು. ಪಂಚಾಯ್ತಿ ಸೇರಿದ್ದೇ ಅವಳಿಗೆ ಗೊತ್ತಿಲ್ಲ. ಭಾವ ಕಡ್ಡಿ ಮುರಿದು ಎದ್ದುಹೋದ. ನಾವು ಗೆದ್ದೆವು ಅಂದುಕೊಂಡೆವು.

ರೇಷನ್ ಕಾಲ. ಬೆಳೆದ ರಾಗಿಯಲ್ಲಿ ಸರ್ಕಾರಕ್ಕೆ ಕೊಟ್ಟು ಉಳಿದದ್ದರಲ್ಲಿ ಮನೆಮಂದಿಯೆಲ್ಲ ಉಣ್ಣಬೇಕು. ಅಕ್ಕ ಉಣ್ಣಲು ಕೂತಾಗಲೇ ದೊಡ್ಡಪ್ಪನ ಸೊಸೆ ಮುದ್ದೆ ಸಣ್ಣದು ಮಾಡುತ್ತಿದ್ದಳು. “ನಿನ್ ಗಂಡ ಕೊಬ್ರಿ ಮಾರಿ ಬಂಗ್ಲೆ ಕಟ್ತಾವ್ನಂತೆ, ನಾವಿಲ್ಲಿ ಅವನ ಮಗೀಗೆ ಮುದ್ದೆ ಇಕ್ಬೇಕು” ಅನ್ನುತ್ತಿದ್ದಳು. ಇದು ದೊಡ್ಡಪ್ಪನ ಕಿವಿಗೂ ಬಿತ್ತು. ಕೊನೆಗೆ ಅವರೇ, “ಆಗ್ಲಿ, ಆಸನಕ್ಕೆ ಓಗಿ ಕೇಸಾಕ್ರಿ” ಅಂದರು.

ವಿಚಾರಣೆ ದಿನ ದೊಡ್ಡಪ್ಪ, ಅಕ್ಕ, ನಾನು ಮೂವರೂ, ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹಾಸನಕ್ಕೆ ಹೋದೆವು. ಮಗು ಅಕ್ಕನ ಮಡಿಲಲ್ಲಿತ್ತು. ಕೋರ್ಟಿನ ಜಗಲಿಯಲ್ಲಿ ನಮ್ಮ ವಕೀಲರು ಅಕ್ಕನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: “ನೋಡಮ್ಮ, ಮಗೂಗೆ ಹೇಗೂ ಏನೋ ಒಂದಿಷ್ಟು ಸಿಗುತ್ತೆ. ನಿನ್ನದು ಮಾತ್ರ ಕಷ್ಟ. ನೀನೇ ಒಪ್ಪಿ ಬಿಡುಗಡೆ ತಗೊಂಡಿದ್ದೀಯ, ಅದಕ್ಕೆ ನಿನಗೆ ಏನೂ ಕೊಡಬೇಕಾಗಿಲ್ಲ ಅಂತ ಅವರ ವಾದ. ಒಪ್ಪಿದ್ಯಾ?”

“ನನ್ನ ಯಾರೂ ಕೇಳ್ನಿಲ್ಲ ಸಾ.”

“ಒಳಗೂ ಅಷ್ಟೇ ಹೇಳು. ಸಾಕು.”

ದೊಡ್ಡಪ್ಪ ಅಲ್ಲೇ ಕಂಬಕ್ಕೆ ಒರಗಿ ಕೇಳಿಸಿಕೊಂಡರು.

ಒಳಗೆ ಭಾವನ ವಕೀಲ ಅಕ್ಕನನ್ನು ಮೊದಮೊದಲು ಮೆತ್ತಗೆ ಕೇಳಿದ. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ದೊಡ್ಡಪ್ಪನ ಕಡೆ ಕೈ ತೋರಿಸಿದ. “ನೀನು ಒಪ್ಪಿದ್ದೀಯ ಅಂತ ಊರವರ ಮುಂದೆ ಹೇಳಿದವರು ಇವರೇ ಅಲ್ವೇನಮ್ಮ? ನ್ಯಾಯ ಹೇಳೋ ಯಜಮಾನರು. ಇವರು ಸುಳ್ಳು ಹೇಳಿದರು ಅಂತೀಯಾ?”

ಅಕ್ಕ ತಿರುಗಿ ನೋಡಿದಳು. ದೊಡ್ಡಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅವರ ಬೋಳುತಲೆಯನ್ನು ನಾಲ್ಕು ಜನರ ಮುಂದೆ ನಾನು ನೋಡಿದ್ದು ಅದೇ ಮೊದಲು. ಅವರು ನೆಲ ನೋಡುತ್ತಿದ್ದರು.

“ಇಲ್ಲ ಸಾ,” ಅಂದಳು ಅಕ್ಕ. “ನನ್ನ ಕೇಳೇ ಯೋಳಿದ್ರು. ನಾನು ಒಪ್ಪಿದ್ದೆ.”

ನಮ್ಮ ವಕೀಲರು ಕಾಗದ ಮಡಚಿಬಿಟ್ಟರು. ಮ್ಯಾಜಿಸ್ಟ್ರೇಟರು ಇನ್ನೊಂದು ಸಲ ಕೇಳಿದರು. ಅಕ್ಕ ಅದನ್ನೇ ಹೇಳಿದಳು. ಮಗುವಿಗೆ ಇಷ್ಟು ಎಂದು ಹುಕುಂ ಆಯಿತು. ಅಕ್ಕನಿಗೆ ಏನೂ ಇಲ್ಲ.

ದೊಡ್ಡಪ್ಪ ನೀರು ಕುಡಿಯಲು ಹೋದಾಗ ನಾನು ಅಕ್ಕನ ಮೇಲೆ ಹರಿಹಾಯ್ದೆ. “ತಲೆ ಕೆಟ್ಟೈತಾ ನಿಂಗೆ? ಒಂದ್ ಮಾತು ನಿಜ ಯೋಳಾಕಾಗ್ನಿಲ್ವಾ?”

“ಎತ್ತಿ ಆಡ್ಸಿದೋರು ಕಣ್ಲಾ. ಅವ್ರನ್ನ ಅಲ್ಲಿ ನಿಲ್ಸಿ ಸುಳ್ಳ ಅಂತ ಎಂಗನ್ಲಿ? ಆಮ್ಯಾಕೆ ಅವ್ರ ಮನೇಲಿ ಎಂಗ್ ಉಣ್ಲಿ?”

“ಈಗ ಉಣ್ಣು ಓಗು” ಅಂದೆ. ಹಾಗೆ ಅನ್ನಬಾರದಿತ್ತು.

ಹುಕುಂ ಆದರೆ ದುಡ್ಡು ತಾನಾಗಿ ಬರುತ್ತದೆ ಅಂದುಕೊಂಡಿದ್ದೆವು. ಭಾವ ಸ್ವಲ್ಪ ದಿನ ಕೊಟ್ಟು ನಿಲ್ಲಿಸಿದ. ನಿಲ್ಲಿಸಿದಾಗಲೆಲ್ಲ ನಾವು ಮತ್ತೆ ಅರ್ಜಿ ಹಾಕಬೇಕು, ಮತ್ತೆ ಬಸ್ಸು, ಮತ್ತೆ ವಕೀಲರು. ಬರುವುದಕ್ಕಿಂತ ಅಲೆದಾಟದ ಖರ್ಚೇ ಹೆಚ್ಚಾಗಿ ಬಿಟ್ಟುಬಿಟ್ಟೆವು. ಆ ಮುದ್ದೆ ಮಾತು ಕೇಳಲಾರದೆ ಮನೆ ಬಿಟ್ಟ ಅಕ್ಕ ಈಗ ಹಾಸನದ ಒಂದು ಹೋಟೆಲಿನಲ್ಲಿ ದೋಸೆಗೆ ರುಬ್ಬುತ್ತಾಳೆ. ಮಗು ಒರಳಿನ ಪಕ್ಕದಲ್ಲೇ ಮಲಗುತ್ತದೆ.

ಒಂದು ಸಲ ಕಣದಲ್ಲಿ ದೊಡ್ಡಪ್ಪ ಒಬ್ಬರೇ ಇದ್ದಾಗ ಕೇಳಿಬಿಟ್ಟೆ. “ಅವತ್ತು ಕೋರ್ಟಲ್ಲಿ ನೀವು ಬಾಯ್ಬುಟ್ಟಿದ್ರೆ ಆಗ್ತಿತ್ತು, ದೊಡ್ಡಪ್ಪ.”

“ಗೊತ್ತು ಕಣ್ಲಾ” ಅಂದರು. ಎತ್ತುಗಳನ್ನು ಹೊಡೆದುಕೊಂಡು ಹೋದರು.

ಹೋದ ವರ್ಷ ಅವರು ತೀರಿಕೊಂಡರು. ಅಕ್ಕ ಹಾಸನದಿಂದ ಓಡಿ ಬಂದು ಅವರ ಕಾಲು ಹಿಡಿದುಕೊಂಡು ಅತ್ತಳು, ಹೆತ್ತ ಮಕ್ಕಳೂ ಅಷ್ಟು ಅಳಲಿಲ್ಲ. ನನಗೆ ಅಳು ಬರಲಿಲ್ಲ. ಸಾಕಿ ಸಲಹಿದವರು, ಅಳು ಬರಬೇಕಿತ್ತು. ಅಕ್ಕನ ಬೆರಳುಗಳು ಉದ್ದಿನ ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು. ಅವನ್ನೇ ನೋಡುತ್ತ ನಿಂತಿದ್ದೆ.