ಬಲಗಡೆಯ ಹೂ

ದನದ ಡಾಕ್ಟರಿಗೆ ಆಫ್ರಿಕಾ ಯಾತಕ್ಕೆ ಬೇಕಿತ್ತು ಅಂತ ಕುಣಿಗಲ್ಲಿನಲ್ಲಿ ಕೇಳದವರಿರಲಿಲ್ಲ. ಕಾಶಿಗೆ ಹೋಗ್ತೀನಿ ಅಂದಿದ್ದರೆ ಬೀದಿಯವರೆಲ್ಲ ಕೈಮುಗಿದು ಕಳಿಸುತ್ತಿದ್ದರು. ಆಫ್ರಿಕಾ ಅಂದದ್ದಕ್ಕೆ ನಕ್ಕರು. ನಗುವವರಿಗೇನು, ಹಲ್ಲಿದ್ದರೆ ಸಾಕು. ಹೆಂಡತಿ ಕೌಸಲ್ಯಮ್ಮನೂ ಮೊದಮೊದಲು ನಕ್ಕವಳೇ. ಅವಳ ನಗು ನಿಂತದ್ದು ಮಾರ್ಕೋನಹಳ್ಳಿಯ ಸಿದ್ದಯ್ಯನ ಹಸು ಸತ್ತ ದಿನ.

ಅದು ಎಪ್ಪತ್ತಾರನೇ ಇಸವಿ. ಗಂಡ ವೆಂಕಟೇಶಯ್ಯನವರು ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು, ಇಪ್ಪತ್ತೆರಡು ವರ್ಷದ ಸರ್ವೀಸು. ಬೆಳಿಗ್ಗೆ ಹೋದವರು ಮಧ್ಯಾಹ್ನ ಮೂರಕ್ಕೆ ಬಂದು, ಮೊಣಕೈವರೆಗೂ ರಕ್ತ ಒಣಗಿಸಿಕೊಂಡು ಜಗಲಿಯ ಮೇಲೆ ಕೂತರು. ಕರು ಅಡ್ಡ ತಿರುಗಿತ್ತಂತೆ. ಹಗ್ಗ ಹಾಕಿ ನಾಲ್ಕು ಜನ ಎಳೆದರೂ ಕರುವೂ ದಕ್ಕಲಿಲ್ಲ, ತಾಯಿಯೂ ದಕ್ಕಲಿಲ್ಲ. ಜೊತೆಗೆ ಬಂದಿದ್ದ ಸಿದ್ದಯ್ಯನೇ ಅವರಿಗೆ ಸಮಾಧಾನ ಹೇಳಬೇಕಾಯಿತು.

"ಬುಡಿ ಡಾಕ್ಟ್ರೆ, ನಿಮ್ ಕೈಲಾದ್ದು ನೀವ್ ಮಾಡುದ್ರಿ. ಅದ್ರ ಋಣ ಅಷ್ಟೇ ಇತ್ತು."

ಸಿದ್ದಯ್ಯ ಹೋದ ಮೇಲೆ ವೆಂಕಟೇಶಯ್ಯನವರು ಕೈ ತೊಳೆಯದೆ ಹಾಗೇ ಮಾತಾಡಿದರು. "ನಾನು ನೋಡಿರೋದೆಲ್ಲ ಕಟ್ಟಿಹಾಕಿರೋ ಪ್ರಾಣಿ ಕಣೇ ಕೌಸಲ್ಯ. ಒಂದೋ ರೋಗ, ಇಲ್ಲ ಸಾವು. ನಾನು ಬಂದೆ ಅಂದ್ರೆ ದನಕ್ಕೇ ಭಯ. ಬೆಟ್ಟಸ್ವಾಮಿ ಬರೆದಿದಾನೆ ನೋಡು. ಅಲ್ಲಿ ಬಯಲಲ್ಲಿ ಫೆಬ್ರವರಿ ತಿಂಗಳಲ್ಲಿ, ಎರಡು ಮೂರು ವಾರದೊಳಗೆ ಲಕ್ಷಗಟ್ಟಲೆ ಕರು ಹುಟ್ತಾವಂತೆ. ಒಂದಕ್ಕೂ ಯಾರೂ ಕೈ ಹಾಕಲ್ಲ. ನೆಲಕ್ಕೆ ಬಿದ್ದು ಐದು ಹತ್ತು ನಿಮಿಷಕ್ಕೆ ಎದ್ದು ತಾಯಿ ಹಿಂದೆ ಓಡತ್ತಂತೆ. ಅದೊಂದು ನೋಡ್ಬೇಕು. ನೋಡಿಬಿಟ್ರೆ ಇನ್ನೇನೂ ಬೇಡ ನಂಗೆ."

ಬೆಟ್ಟಸ್ವಾಮಿ ಅವರ ಕಾಲೇಜಿನ ಗೆಳೆಯ. ತಾಂಜಾನಿಯಾದ ಅರೂಷಾ ಅನ್ನುವ ಊರಿನಲ್ಲಿ ದನಗಳ ಕೆಲಸಕ್ಕೇ ಸೇರಿದ್ದ. ಅವನು ಬರೆದಿದ್ದ ಪ್ರಾಣಿಯ ಹೆಸರು ವಿಲ್ಡೆಬೀಸ್ಟ್. ಕೌಸಲ್ಯಮ್ಮನ ನಾಲಿಗೆಗೆ ಅದು ಹೊರಳದಿದ್ದಾಗ ವೆಂಕಟೇಶಯ್ಯನವರು, "ಮುಂದಿನಿಂದ ನಮ್ಮ ಹಳ್ಳಿಕಾರ್ ದನ, ಹಿಂದಿನಿಂದ ಕುಣಿಗಲ್ ಕುದುರೆ, ಅಷ್ಟೇ ಅಂದ್ಕೋ" ಅಂದರು. ಪಕ್ಕದ ಕೀನ್ಯಾದ ನೈರೋಬಿಯಲ್ಲಿ ಇದ್ದವನು ಕೌಸಲ್ಯಮ್ಮನ ಒಡಹುಟ್ಟಿದ ಅಣ್ಣ ಸುಬ್ಬಕೃಷ್ಣ. ಬನ್ನಿ ಬನ್ನಿ ಅಂತ ಅವನೂ ಬರೆಯುತ್ತಿದ್ದ. ಟಿಕೆಟ್ಟು ಕಳಿಸಲು ಇಬ್ಬರೂ ತಯಾರು. ಆಗ ಎರಡು ದೇಶಗಳ ನಡುವೆ ದಾರಿ ತೆರೆದೇ ಇತ್ತು. ನೈರೋಬಿಯಲ್ಲಿ ಇಳಿದು, ಅಣ್ಣನ ಮನೆಯಲ್ಲಿ ನಾಲ್ಕು ದಿನ ಉಂಡು, ಜೀಪು ಹತ್ತಿದರೆ ಬೆಟ್ಟಸ್ವಾಮಿಯ ಊರು. ತವರೂ ಆಯಿತು, ಕರುವೂ ಆಯಿತು.

ಡಿಸೆಂಬರಿನಿಂದಲೇ ಮೂರು ತಿಂಗಳ ರಜ ಸ್ಯಾಂಕ್ಷನ್ ಆಯಿತು. ಕೌಸಲ್ಯಮ್ಮ ಅಡ್ಡ ಬಂದಳು. ಧನುರ್ಮಾಸ, ಶೂನ್ಯಮಾಸ, ಮೊದಲ ಸಲ ಸಮುದ್ರ ದಾಟುವವರು ಈ ತಿಂಗಳು ಹೊಸಿಲು ದಾಟುತ್ತಾರೆಯೇ? ಸಂಕ್ರಾಂತಿ ಕಳೆಯಲಿ, ರಥಸಪ್ತಮಿ ಮುಗಿಯಲಿ ಅಂತ ಟಿಕೆಟ್ಟನ್ನು ಫೆಬ್ರವರಿ ಎರಡನೇ ವಾರಕ್ಕೆ ಹಾಕಿಸಿದಳು. ಫೆಬ್ರವರಿ ಮೊದಲ ವಾರದಲ್ಲೇ ತಾಂಜಾನಿಯಾದವರು ಕೀನ್ಯಾದ ಕಡೆಯ ಗಡಿಯನ್ನು ಮುಚ್ಚಿಬಿಟ್ಟರು! ಸರ್ಕಾರ ಸರ್ಕಾರಗಳ ಜಗಳ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಇಂದಲ್ಲ ನಾಳೆ ತೆಗೀತಾರೆ ಬಿಡಿ" ಅಂದಳು. ತೆಗೆಯಲಿಲ್ಲ. ಒಂದು ವರ್ಷ, ಎರಡು ವರ್ಷ, ನಾಲ್ಕು ವರ್ಷ. ಕುಣಿಗಲ್ಲಿನಿಂದ ಗುಬ್ಬಿಗೆ ವರ್ಗವಾಯಿತು. ಗುಬ್ಬಿಯಲ್ಲಿ ಒಂದು ದಿನ ವೆಂಕಟೇಶಯ್ಯನವರು ಪಕ್ಕದಲ್ಲೇ ನಿಂತಿದ್ದ ಎಮ್ಮೆ ಕಾಣದೆ ಡಿಕ್ಕಿ ಹೊಡೆದು ಬಿದ್ದರು. ಕಣ್ಣಿನ ಡಾಕ್ಟರು ಗ್ಲಾಕೋಮಾ ಅಂದರು. ಪಕ್ಕದ ನೋಟ ಮೊದಲು ಹೋಗುತ್ತದೆ, ಆಮೇಲೆ ಎದುರಿನದು. ಹೆಚ್ಚೆಂದರೆ ಎರಡು ಮೂರು ವರ್ಷ.

ಇನ್ನು ಕಾಯುವ ಹಾಗಿರಲಿಲ್ಲ. ಎರಡರಲ್ಲಿ ಒಂದು ದೇಶ ಆರಿಸಬೇಕಾಯಿತು, ಅದೂ ಒಂದೇ ಸಲಕ್ಕೆ. ಗುಬ್ಬಿಯಲ್ಲಿ ಲಸಿಕೆ ಹಾಕುವ ಕೆಲಸದ ನಡುವೆ ಅವರಿಗೆ ರಜ ಸಿಗುತ್ತಿದ್ದದ್ದು ಫೆಬ್ರವರಿಯಲ್ಲಿ ಮಾತ್ರ. ಫೆಬ್ರವರಿಯಲ್ಲಿ ಹಿಂಡೆಲ್ಲ ಇರುವುದು ತಾಂಜಾನಿಯಾದ ಬಯಲಿನಲ್ಲಿ. ಕೀನ್ಯಾ ಕಡೆಗೆ ಅವು ದಾಟುವುದು ಜುಲೈ ಆಗಸ್ಟಿಗೆ. ಬೆಟ್ಟಸ್ವಾಮಿ ನೇರವಾಗಿ ಬರೆದಿದ್ದ: ಇಲ್ಲಿ ಪೆಟ್ರೋಲಿಲ್ಲ, ಸಕ್ಕರೆ ಇಲ್ಲ, ಬರುವಾಗ ನಾಲ್ಕು ಸೋಪು ತಾ, ಆದರೆ ಕರು ಹುಟ್ಟುವುದನ್ನು ತೋರಿಸುವುದು ನನ್ನ ಜವಾಬ್ದಾರಿ. ಅಣ್ಣನ ಕಾಗದದಲ್ಲಿ ಒಳ್ಳೆಯ ಹೋಟೆಲು, ಒಳ್ಳೆಯ ರಸ್ತೆ, ಆನೆ, ಸಿಂಹ. ಕೊನೆಯಲ್ಲಿ ಒಂದು ಸಾಲು: ನನ್ನನ್ನು ಬಿಟ್ಟು ಪಕ್ಕದ ದೇಶಕ್ಕೆ ಹೋಗುವುದಾದರೆ ಹೋಗಿ, ನಾನೇನೂ ಅಂದುಕೊಳ್ಳುವುದಿಲ್ಲ.

ಅಂದುಕೊಳ್ಳುವುದಿಲ್ಲ ಅನ್ನುವವರೇ ಅಲ್ಲವೇ ಎಲ್ಲಕ್ಕಿಂತ ಹೆಚ್ಚು ಅಂದುಕೊಳ್ಳುವವರು. ಕೌಸಲ್ಯಮ್ಮ ಅಣ್ಣನ ಮುಖ ನೋಡಿ ಹದಿನೈದು ವರ್ಷವಾಗಿತ್ತು. ಅಮ್ಮ ಸತ್ತಾಗಲೂ ಅವನು ಬಂದಿರಲಿಲ್ಲ. ಅಮ್ಮ ಕೊನೆಯ ವಾರವೆಲ್ಲ ಸುಬ್ಬು ಸುಬ್ಬು ಅಂದದ್ದನ್ನು ಅವನಿಗೆ ಬಾಯಾರೆ ಹೇಳಿ ಅವನ ಜೊತೆ ಕೂತು ಅಳಬೇಕು, ಇಷ್ಟೇ ಅವಳ ಆಸೆ. ಗಂಡ ಎರಡೂ ಕಾಗದಗಳನ್ನು ರೇಡಿಯೋ ಮೇಲಿಟ್ಟುಕೊಂಡು ದಿನಾ ಓದುತ್ತಿದ್ದರು. ಬಾಯಿಬಿಟ್ಟು ತಾಂಜಾನಿಯಾ ಅನ್ನುತ್ತಿರಲಿಲ್ಲ. ಅವಳು ಬಾಯಿಬಿಟ್ಟು ನೈರೋಬಿ ಅನ್ನುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ.

ಕೊನೆಗೆ, "ಹೂ ಕೇಳೋಣ" ಅಂದವಳು ಅವಳೇ.

ಅವರ ದೇವರ ಗೂಡಿನಲ್ಲಿ ಗೇಣುದ್ದದ ಕಲ್ಲಿನ ಆಂಜನೇಯನಿದ್ದ. ಮನೆ ಕಟ್ಟಲಿ, ಹೆಣ್ಣು ತರಲಿ, ಆ ಮನೆಯಲ್ಲಿ ಅವನನ್ನು ಕೇಳದೆ ಯಾವುದೂ ನಡೆದದ್ದಿಲ್ಲ. ಸೇವಂತಿಗೆ ಎಸಳನ್ನು ನೀರಿನಲ್ಲಿ ಅದ್ದಿ ಎರಡೂ ಭುಜಕ್ಕೆ ಅಂಟಿಸುವುದು, ಮನಸ್ಸಿನಲ್ಲಿ ಕೇಳಿಕೊಂಡು ಕಾಯುವುದು. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಬಲಗಡೆ ಕೀನ್ಯಾ, ಎಡಗಡೆ ತಾಂಜಾನಿಯಾ ಅಂತ ಆಯಿತು. ಎಸಳು ಅಂಟಿಸುವುದು ಮನೆಯ ಮುತ್ತೈದೆ. ವೆಂಕಟೇಶಯ್ಯನವರು ಪಕ್ಕದಲ್ಲಿ ಕೈಮುಗಿದು, ಕಣ್ಣು ಮುಚ್ಚಿ ನಿಂತರು.

ಕೌಸಲ್ಯಮ್ಮ ಎಡಗಡೆಯ ಎಸಳುಗಳನ್ನು ಚೆನ್ನಾಗಿ ನೆನೆಸಿ ಹೆಬ್ಬೆರಳಿನಿಂದ ಅದುಮಿದಳು. ಬಲಗಡೆಯವನ್ನು ನೀರಿಗೆ ತಾಕಿಸಿದ ಹಾಗೆ ಮಾಡಿ ಸುಮ್ಮನೆ ಆನಿಸಿದಳು. ಪ್ರಾಣಿ ಎಲ್ಲಿದ್ದರೂ ಪ್ರಾಣಿಯೇ, ಅಷ್ಟು ದೊಡ್ಡ ಕಾಡಿನಲ್ಲಿ ಇವರಿಗೊಂದು ಕರು ಕಾಣದೇ ಹೋಗುತ್ತದೆಯೇ ಅಂತ ತನಗೆ ತಾನೇ ಹೇಳಿಕೊಂಡಳು. ಮಂಗಳಾರತಿಗೂ ಮೊದಲೇ ಬಲಗಡೆಯ ಹೂ ಬಿತ್ತು.

"ಆಯ್ತಲ್ಲ, ಕೀನ್ಯಾನೇ" ಅಂದರು ವೆಂಕಟೇಶಯ್ಯನವರು. ಬಿದ್ದ ಎಸಳನ್ನು ಕಣ್ಣಿಗೆ ಒತ್ತಿಕೊಂಡರು.

ಎಂಬತ್ತೆರಡರ ಫೆಬ್ರವರಿಯಲ್ಲಿ ಹೋದರು. ಅಣ್ಣ ಕಾರು ಕೊಟ್ಟ, ಡ್ರೈವರನ್ನು ಕೊಟ್ಟ, ತಾನು ಮಾತ್ರ ಸಿಗಲಿಲ್ಲ. ಬೆಳಿಗ್ಗೆ ಹೋದರೆ ರಾತ್ರಿ ಊಟಕ್ಕೆ ಬರುವುದು, ಮಕ್ಕಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುವುದು, ಎದ್ದು ಹೋಗುವುದು. ಮೂರನೆಯ ದಿನ ಗಂಡ ಮಲಗಿದ ಮೇಲೆ ಕೌಸಲ್ಯಮ್ಮ ಅಮ್ಮನ ಕೊನೆಯ ವಾರದ ಮಾತೆತ್ತಿದಳು.

"ಅದೆಲ್ಲ ಯಾಕೀಗ?" ಅಂದ ಸುಬ್ಬಕೃಷ್ಣ. "ಮುಗಿದ್ಹೋದ್ದು." ಎದ್ದು ಟೀವಿ ಜೋರು ಮಾಡಿದ. ಅಮ್ಮ ಸತ್ತಂದಿನಿಂದ ಹೊತ್ತುಕೊಂಡಿದ್ದ ಮಾತು ಅವಳಲ್ಲೇ ಉಳಿಯಿತು.

ಕಾಡಿಗೆ ಹೋದದ್ದು ಗಂಡ ಹೆಂಡತಿ ಇಬ್ಬರೇ, ಡ್ರೈವರಿನ ಜೊತೆ. ಆನೆ ಕಂಡಿತು, ಎರಡು ಸಿಂಹ ಕಂಡವು. ಬೇರೆಯವರಾಗಿದ್ದರೆ ಕುಣಿದಾಡುತ್ತಿದ್ದರು. ವೆಂಕಟೇಶಯ್ಯನವರು ಕೊಳವೆಯಲ್ಲಿ ನೋಡುವವರ ಹಾಗೆ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ಹುಲ್ಲಿನಲ್ಲಿ ಹುಡುಕುತ್ತಿದ್ದರು. ಹುಲ್ಲಿತ್ತು. ಕಣ್ಣು ಹಾಯುವಷ್ಟು ದೂರವೂ ಬರೀ ಹುಲ್ಲು. ಡ್ರೈವರು ಸುಣ್ಣ ಬಳಿದ ಒಂದು ಗಡಿಕಲ್ಲಿನ ಹತ್ತಿರ ಕಾರು ನಿಲ್ಲಿಸಿ ದಕ್ಷಿಣಕ್ಕೆ ಕೈ ತೋರಿಸಿದ. ದನ ಎಲ್ಲ ಆ ಕಡೆ, ಈಗ ಕರು ಹಾಕುವ ಕಾಲ, ಒಂದು ದಿನದ ದಾರಿ, ಆದರೆ ನಮ್ಮನ್ನು ಬಿಡುವುದಿಲ್ಲ ಅಂದ. ಅವನು ಹೇಳುತ್ತಿರುವಾಗಲೇ ಎರಡು ಜೀಬ್ರಾ ಕಲ್ಲನ್ನು ದಾಟಿ ಬಾಲ ಬೀಸುತ್ತ ತಾಂಜಾನಿಯಾಕ್ಕೆ ಹೋದವು.

"ಅವಕ್ಕೆ ಯಾರೂ ಹೇಳಿಲ್ಲ" ಅಂದು ವೆಂಕಟೇಶಯ್ಯನವರು ನಕ್ಕರು. ಕಲ್ಲಿನ ಮೇಲೆ ಕೈಯಿಟ್ಟು ಅರ್ಧ ಗಂಟೆ ಆ ಕಡೆಗೇ ಮುಖ ಮಾಡಿ ನಿಂತರು. ಕೌಸಲ್ಯಮ್ಮನಿಗೆ ಅಲ್ಲೇ ಅವರ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು. ಧೈರ್ಯ ಸಾಲಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಬೆಂಕಿ ಯಾರ ಅಡುಗೆಗೆ?

ಮುಂದಿನ ಬೇಸಿಗೆಯ ಹೊತ್ತಿಗೆ ಎದುರಿನ ನೋಟವೂ ಹೋಯಿತು. ಕೆಲಸ ಬಿಟ್ಟು ತುಮಕೂರಿನಲ್ಲಿ ಮನೆ ಮಾಡಿದರು. ದಿನಾ ಬೆಳಿಗ್ಗೆ ಕಾಫಿಯಾದ ಮೇಲೆ ಕೌಸಲ್ಯಮ್ಮ ಪೇಪರು ಓದಿ ಹೇಳಬೇಕು. ಓದಿ ಮುಗಿಸಿದ ಮೇಲೆ ಅವರು ದಿನಾ ಅದೇ ಪ್ರಶ್ನೆ ಕೇಳುವರು, "ಆ ಕಡೇದೇನಾದ್ರೂ ಇದೆಯೇನೇ?" ದಿನಾ ಇಲ್ಲ ಅನ್ನುವಳು.

ಎಂಬತ್ತಮೂರರ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಇತ್ತು. ಒಳಪುಟದಲ್ಲಿ ನಾಲ್ಕೇ ಸಾಲು. ಕೀನ್ಯಾ ತಾಂಜಾನಿಯಾ ಗಡಿ ಮತ್ತೆ ತೆರೆಯುತ್ತದೆ. ಇಲ್ಲ ಅಂದುಬಿಡಬಹುದಿತ್ತು, ಅವರಿಗೇನು ಕಾಣುತ್ತದೆಯೇ! ಓದಿದಳು. ಓದುತ್ತ ಓದುತ್ತ ದನಿ ಒಡೆದು ಅತ್ತುಬಿಟ್ಟಳು.

"ಪಾಪಿ ನಾನು. ಆಂಜನೇಯ ಕೊಟ್ಟಿದ್ದಲ್ಲ ಅದು. ಎಡಗಡೆ ಹೂವನ್ನ ಬೆರಳಲ್ಲಿ ಒತ್ತಿಬಿಟ್ಟೆ. ಬಲಗಡೇದು ಒದ್ದೇನೇ ಮಾಡಿರ್ಲಿಲ್ಲ. ನಿಮ್ಮ ಕಣ್ಣಿನ ಭಾಗ್ಯಕ್ಕೆ ನಾನೇ ಮಣ್ಣು ಹಾಕ್ದೆ. ಬೈದಾದ್ರೂ ಬಿಡಿ."

ವೆಂಕಟೇಶಯ್ಯನವರು ಲೋಟವನ್ನು ತಡಕಿ ಕೆಳಗಿಟ್ಟರು.

"ನೋಡಿದ್ದೆ" ಅಂದರು. "ಅವತ್ತಿನ್ನೂ ಎದುರಿಗಿದ್ದದ್ದು ಕಾಣ್ತಿತ್ತಲ್ಲೇ ನಂಗೆ. ಕೈಮುಗಿದೋನು ಪೂರ್ತಿ ಕಣ್ಣು ಮುಚ್ಚಿರ್ಲಿಲ್ಲ."

ಕೌಸಲ್ಯಮ್ಮನ ಅಳು ನಿಂತುಹೋಯಿತು.

"ನೀನು ಅಷ್ಟು ಒತ್ತಿದ್ದು ನೋಡಿ, ಇವಳಿಗೆ ಅಣ್ಣನ ಮೇಲೆ ಎಷ್ಟು ಆಸೆ ಇರಬೇಕು ಅನ್ನಿಸ್ತು. ಇರೋದು ಒಂದು ಸಲ. ಇಬ್ಬರಲ್ಲಿ ಒಬ್ಬರದಾದ್ರೂ ಆಗಲಿ ಅಂತ ಸುಮ್ಮನಾದೆ." ಕಾಣದ ಕಣ್ಣನ್ನು ಅವಳ ಕಡೆ ತಿರುಗಿಸಿದರು. "ನಂದು ಹೋಗ್ಲಿ ಬಿಡು. ನೀನಾದ್ರೂ ನಿಮ್ಮಣ್ಣನ್ನ ಕಣ್ತುಂಬ ನೋಡಿದ್ಯಲ್ಲ. ಅಮ್ಮನ ವಿಷಯ ಎಲ್ಲ ಹೇಳ್ಕೊಂಡ್ಯಲ್ಲ. ಅಷ್ಟು ಸಾಕು. ಹೇಳ್ಕೊಂಡೆ ತಾನೇ?"

ಪೇಪರು ಅವಳ ತೊಡೆಯ ಮೇಲಿತ್ತು. ಕೌಸಲ್ಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹೂಂ" ಅಂದಳು. "ಎಲ್ಲ ಹೇಳ್ಕೊಂಡೆ."

ಅವರು ತಲೆಯಾಡಿಸಿ, ಆ ನಾಲ್ಕು ಸಾಲನ್ನು ಇನ್ನೊಂದು ಸಲ ಓದು ಅಂದರು. ಅವಳು ಓದಿದಳು.